ಗೂಗಿಬಂಡಿ ಬೆಂಕಿಯ ಹದಿನೆಂಟು ದಿನ

ಇಳಕಲ್
21 ಫೆಬ್ರವರಿ 2025

ಸೋಮಲಿಂಗಣ್ಣನವರಿಗೆ ಸುಶ್ಮಿತಾಳ ಶರಣು.

ಮೂರು ದಿನದಿಂದ ಫೋನ್ ಹಚ್ಚುತ್ತಿದ್ದೇನೆ. ಮೊದಲು ಎತ್ತಲಿಲ್ಲ, ಆಮೇಲೆ ರಿಂಗೇ ಆಗಲಿಲ್ಲ. ನಿನ್ನೆ ನನ್ನ ತಂಗಿಯ ನಂಬರಿನಿಂದ ಹಚ್ಚಿದೆ. ಥಟ್ಟನೆ ಎತ್ತಿದಿರಿ, ನನ್ನ ದನಿ ಕೇಳಿದ ಕೂಡಲೇ ಇಟ್ಟಿರಿ. ನನ್ನನ್ನು ಬ್ಲಾಕ್ ಮಾಡಿದ್ದೀರಿ ಅಂತ ಆಗ ತಿಳಿಯಿತು. ಇರಲಿ ಬಿಡ್ರಿ. ನಾನು ನಿಮ್ಮ ಕೈಕೆಳಗೆ ವರದಿ ಬರೆಯಲು ಕಲಿಯುವಾಗ, ಇಂಟರ್‌ನೆಟ್ ಸತ್ತ ದಿನ ಸುದ್ದಿಯನ್ನು ಕವರಿನಲ್ಲಿ ಹಾಕಿ ಬಸ್ ಕಂಡಕ್ಟರ್ ಕೈಗೆ ಕೊಟ್ಟು ನವನಗರದ ಪತ್ರಿಕೆ ಆಫೀಸಿಗೆ ಮುಟ್ಟಿಸುವುದನ್ನು ಕಲಿಸಿದವರು ನೀವೇ. ಈ ಕಾಗದವನ್ನೂ ಹಾಗೇ ಬಾದಾಮಿ ಬಸ್ಸಿನ ಶಾಬುದ್ದೀನ ಕಾಕಾನ ಕೈಗೆ ಕೊಡುತ್ತೇನೆ. ಕಂಡಕ್ಟರನ್ನು ಬ್ಲಾಕ್ ಮಾಡಲು ನಿಮಗೆ ಬರುವುದಿಲ್ಲ.

ನನ್ನ ಚಾನೆಲ್‌ನಲ್ಲಿ ಹಾಕಿದ ಗೂಗಿಬಂಡಿ ಗುಡ್ಡದ ಬೆಂಕಿಯ ವಿಡಿಯೋ ನೋಡಿದಿರೋ ಇಲ್ಲವೋ. ನಾಲ್ಕು ಲಕ್ಷ ದಾಟಿದೆ! ಹದಿನೆಂಟರ ಸಂಜೆ ನಾನು ಗುಳೇದಗುಡ್ಡದಲ್ಲಿ ಖಣ ನೇಯುವವರ ಸಭೆಗೆ ಬಂದಿದ್ದೆ. ಅರಣ್ಯದ ಗಾರ್ಡ್ ಫೋನ್ ಮಾಡಿ, "ಮೇಡಮ್ರೀ, ಗುಡ್ಡ ಹತ್ತೇತಿ, ಲಗೂನ ಬರ್ರಿ" ಅಂದರು. ಓಡಿದೆ. ಅಲ್ಲೊಬ್ಬ ಮುದುಕ, ತಲೆಗೆ ರುಮಾಲು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉರಿಯುವ ಹುಲ್ಲಿನ ಸೂಡು ಹಿಡಿದು ಒಣ ಹುಲ್ಲಿಗೆ ಸಾಲಾಗಿ ಬೆಂಕಿ ತಾಗಿಸುತ್ತ ನಡೆದಿದ್ದ. ಕಣ್ಣಾರೆ ಕಂಡೆ. ಝೂಮ್ ಮಾಡಿ ತೆಗೆದೆ. "ಗುಡ್ಡಕ್ಕೆ ಬೆಂಕಿ ಇಟ್ಟವನು ಇವನೇ!" ಅಂತ ಹಾಕಿದೆ. ಬೆಂಗಳೂರಿನ ಟಿವಿಯವರೂ ಕೇಳಿ ತೆಗೆದುಕೊಂಡರು.

ಮನೆಯಲ್ಲಿ ಏನಾಯಿತು ಗೊತ್ತೇ? ನಮ್ಮಪ್ಪ ಶಿವಲಿಂಗಪ್ಪ ಮಗ್ಗದ ಮುಂದೆ ಕುಳಿತು ನಿಮ್ಮ ನಾಲ್ಕು ಸಾಲಿನ ಸುದ್ದಿ ಓದಿದ. "ಬಾದಾಮಿ: ಗೂಗಿಬಂಡಿ ಗುಡ್ಡಕ್ಕೆ ಬೆಂಕಿ ತಗುಲಿ ಮೂವತ್ತು ಎಕರೆ ಹುಲ್ಲು ಭಸ್ಮವಾಗಿದೆ. ಕಾರಣ ತಿಳಿದುಬಂದಿಲ್ಲ." ಅದನ್ನು ಕತ್ತರಿಸಿ ತನ್ನ ನೋಟ್‌ಬುಕ್ಕಿಗೆ ಅಂಟಿಸಿದ. "ಅಪ್ಪಾ, ನಂದೂ ನೋಡು" ಅಂದರೆ, "ಅದು ಸುದ್ದಿ ಅಲ್ಲವ್ವಾ, ಗದ್ಲ" ಅಂದ. ಖರೆ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ನಾಲ್ಕು ಲಕ್ಷ ಜನ ನೋಡಿದ್ದು ನನ್ನದು, ಅಪ್ಪ ಅಂಟಿಸಿಕೊಂಡಿದ್ದು ನಿಮ್ಮದು.

ಮೊದಲು ನನ್ನ ಬರಹಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದಿರಿ. ಈ ವಿಡಿಯೋದಲ್ಲಿ ತಪ್ಪಿದ್ದರೆ ಹಾಗೇ ಹೇಳಿ, ತಿದ್ದಿಕೊಳ್ಳುತ್ತೇನೆ. ತಪ್ಪಿಲ್ಲದಿದ್ದರೆ ಒಂದು ಶಾಭಾಷ್ ಅಂದುಬಿಡಿ.

ನಿಮ್ಮ ತಂಗಿ,
ಸುಶ್ಮಿತಾ


ಬಾದಾಮಿ
24 ಫೆಬ್ರವರಿ 2025

ತಂಗಿ ಸುಶ್ಮಿತಾಗೆ,

ನಿನ್ನ ಕಾಗದ ಮುಟ್ಟಿತು. ಶಾಬುದ್ದೀನ ಅದನ್ನು ಕೊಡುವಾಗ, "ಅಕಿ ಈಗ ಭಾಳ ದೊಡ್ಡಾಕಿ ಆಗ್ಯಾಳಲ್ರೀ ಸರ" ಅಂದ. ನನಗೆ ಗೊತ್ತಿರಲಿಕ್ಕಿಲ್ಲ ಅಂದುಕೊಂಡನೇನೋ.

ಶಾಭಾಷ್. ತಗೋ. ಕೆಂಪು ಶಾಯಿಯೂ ಬೇಕೆಂದೆಯಲ್ಲ, ಅದನ್ನೂ ತಗೋ. ವಿಡಿಯೋದ ಮೊದಲ ಚಿತ್ರದಲ್ಲಿ ತೆಂಗಿನ ಮರದೆತ್ತರ ಜ್ವಾಲೆ, ಅದರ ಮುಂದೆ ಓಡುವ ಜಿಂಕೆ. ಗೂಗಿಬಂಡಿಯಲ್ಲಿ ಇರುವುದು ಮೊಣಕಾಲೆತ್ತರದ ಹುಲ್ಲು, ನಾಲ್ಕು ಕವಳಿಹಣ್ಣಿನ ಮುಳ್ಳುಕಂಟಿ. ಜಿಂಕೆ ಎಲ್ಲಿಂದ ಬಂತವಾ? ಯಾವ ದೇಶದ ಕಾಡು ಅದು? ನೂರಾರು ಎಕರೆ ಅಂದಿದ್ದೀ. ನಾನು ಅಡ್ಡಾಡಿ ನೋಡಿದ್ದೇನೆ, ಮೂವತ್ತು. ಹಿಂದೆ ಢಂ ಢಂ ಅನ್ನುವ ಸಂಗೀತ ಬೇರೆ. ಬೆಂಕಿಗೆ ಅದರದೇ ಸಪ್ಪಳ ಇರುತ್ತದೆ. ಅದನ್ನೇ ಕೇಳಿಸಿದ್ದರೆ ಸಾಕಿತ್ತು.

ನನ್ನ ನಾಲ್ಕು ಸಾಲನ್ನು ಕುರಿತು ಬರೆದಿದ್ದೀ. ನಾನು ಕಳಿಸಿದ್ದು ನಲವತ್ತು ಸಾಲು. ನವನಗರದಲ್ಲಿ ಕುಳಿತವರು ಜಾಹೀರಾತಿಗೆ ಜಾಗ ಬಿಟ್ಟು, ಉಳಿದದ್ದರಲ್ಲಿ ಅದನ್ನು ತುರುಕಿದರು. ನಿಮ್ಮಪ್ಪ ಅಷ್ಟನ್ನಾದರೂ ಅಂಟಿಸಿಕೊಂಡರಲ್ಲ, ಅವರಿಗೆ ನನ್ನ ಶರಣು ತಿಳಿಸು.

ಗಾರ್ಡ್ ನಿನಗೆ ಫೋನ್ ಮಾಡಿದ ಅಂದೆ. ಚೊಲೊ ಆತು. ಗುಡ್ಡದಿಂದ ನನ್ನ ಮನೆ ಎಂಟು ಕಿಲೋಮೀಟರ್. ಇಪ್ಪತ್ತೆರಡು ವರ್ಷದಿಂದ ನನ್ನದು ಒಂದೇ ನಂಬರು.

ಇನ್ನು ಆ ಮುದುಕನ ವಿಷಯ. ನೀನೇ ಕಣ್ಣಾರೆ ಕಂಡಿದ್ದೀ, ನಾಲ್ಕು ಲಕ್ಷ ಜನ ಕಂಡಿದ್ದಾರೆ. ನಡುವೆ ನಾಲ್ಕು ಸಾಲಿನವನು ನಾನೇನು ಹೇಳಲಿ?

ಸೋಮಲಿಂಗ


ಇಳಕಲ್
27 ಫೆಬ್ರವರಿ 2025

ಅಣ್ಣಾರಿಗೆ ಶರಣು.

ಜಿಂಕೆ ತೆಗೆದಿದ್ದೇನೆ. ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಅದು ಇರಲಿ. ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ನಿನ್ನೆ ಒಬ್ಬ ಹೆಣ್ಣುಮಗಳು ಬಸ್ಸಿಳಿದು, ಸೀರೆ ಅಂಗಡಿಯ ಮೇಲಿನ ನನ್ನ ಕೋಣೆಯನ್ನು ಹುಡುಕಿಕೊಂಡು ಬಂದಳು. ಹೆಸರು ಲಗಮವ್ವ. ವಿಡಿಯೋದಲ್ಲಿರುವ ಮುದುಕ ಗುರಲಿಂಗಪ್ಪನ ಸೊಸೆ. ನೀರು ಕೊಟ್ಟೆ, ಕುಡಿಯಲಿಲ್ಲ. ಕುಳಿತುಕೊಳ್ಳಿ ಅಂದೆ, ಕೂರಲಿಲ್ಲ.

"ನಮ್ಮ ಮಾವ ಹುಲ್ಲಿಗೆ ಬೆಂಕಿ ಹಚ್ಚಿದ್ದು ಖರೆ. ಯಾಕ ಹಚ್ಚಿದಿ ಅಂತ ಕೇಳಿದೇನವಾ ನೀ?"

"ಯಾಕ ಹಚ್ಚಿದ್ರಿ?" ಅಂದೆ.

"ಅವತ್ತ ಕೇಳಬೇಕಿತ್ತು. ಈಗ ನಾ ಹೇಳಿದ್ರ ನನ್ನೂ ಹಂಗ ತಗದು ಹಾಕ್ತೀ."

ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟೆ. ಆದರೂ ನಂಬಲಿಲ್ಲ; ಕಾರಣ ಬಿಟ್ಟು, ಆಮೇಲೆ ಆದದ್ದನ್ನಷ್ಟೇ ಹೇಳಿದಳು. ಅರಣ್ಯದವರು ಇವರ ಕುರಿಗಳಿಗೆ ಗುಡ್ಡ ಬಂದ್ ಮಾಡಿದ್ದಾರಂತೆ. ಪ್ರತಿ ವರ್ಷ ಈ ಹೊತ್ತಿಗೆ ರಾಮಥಾಳದ ರೈತರೊಬ್ಬರು ಗೊಬ್ಬರವಾಗಲಿ ಅಂತ ತಮ್ಮ ಹೊಲದಲ್ಲಿ ಇವರ ಕುರಿಗಳನ್ನು ರಾತ್ರಿ ತರುಬಿ ನಿಲ್ಲಿಸಿಕೊಳ್ಳುತ್ತಿದ್ದರು. ಈ ವರ್ಷ ಮೊಬೈಲ್ ತೋರಿಸಿ, "ಬೆಂಕಿ ಹಚ್ಚಾಂವನ ಕುರಿ ನಮ್ಮ ಹೊಲಕ್ಕ ಬ್ಯಾಡ" ಅಂದರಂತೆ. ಅತ್ತ ಗುಡ್ಡವೂ ಇಲ್ಲ, ಇತ್ತ ಹೊಲವೂ ಇಲ್ಲ. "ಇನ್ನೊಂದು ವಾರ ನೋಡ್ತೇವಿ. ಆಮ್ಯಾಲ ಅಮೀನಗಡ ಸಂತಿಗೆ ಹೊಡಕೊಂಡು ಹೋಗೂದ" ಅಂದಳು. ಮುನ್ನೂರು ಕುರಿ, ಅಣ್ಣಾರ! ಸಂತೆ ಶನಿವಾರ.

ನೀವು ಕುರಿಗಾರರ ಮನೆಯಲ್ಲಿ ಹುಟ್ಟಿದವರು. ನಾನು ಮಗ್ಗದ ಮನೆಯವಳು, ನೂಲು ಗೊತ್ತು, ಹುಲ್ಲು ಗೊತ್ತಿಲ್ಲ. ತನ್ನ ಕುರಿ ಮೇಯುವ ಹುಲ್ಲಿಗೆ ಕುರುಬ ತಾನೇ ಯಾಕೆ ಬೆಂಕಿ ಹಚ್ಚುತ್ತಾನೆ? ನಿಮ್ಮ ಕೈ ಮುಗಿಯುತ್ತೇನೆ, ಹೇಳಿ. ನಾನು ತಪ್ಪು ತಿಳಿದಿದ್ದರೆ ಆ ದಿನವೇ ಇನ್ನೊಂದು ವಿಡಿಯೋ ಮಾಡಿ ರಾಮಥಾಳಕ್ಕೆ ನಾನೇ ಒಯ್ದು ತೋರಿಸುತ್ತೇನೆ.

ಸುಶ್ಮಿತಾ


ಬಾದಾಮಿ
5 ಮಾರ್ಚ್ 2025

ಸುಶ್ಮಿತಾ,

ಉತ್ತರ ತಡವಾಯಿತು. ಕೆಲಸದ ಗಡಿಬಿಡಿ.

ನೀನು ಕೇಳಿದ್ದಕ್ಕೆ: ಹೊಸ ಹುಲ್ಲು ಚಿಗುರಲೆಂದು ಕುರುಬರು ಒಣ ಹುಲ್ಲಿಗೆ ಬೆಂಕಿ ಇಡುತ್ತಾರೆ ಎಂದು ಅರಣ್ಯದವರು ಪ್ರತಿ ಬೇಸಿಗೆಯಲ್ಲೂ ಹೇಳುತ್ತಾರೆ. ಆ ಗಾರ್ಡ್ ನಿನಗೆ ಬೇಕಾದವನಲ್ಲವೇ, ಅವನನ್ನೇ ಕೇಳು.

ನನ್ನ ಕಡೆಯೂ ಒಂದು ಸುದ್ದಿಯಿದೆ. ಭಾನುವಾರ, ಒಂಬತ್ತನೇ ತಾರೀಖು, ಪುರವಣಿಯಲ್ಲಿ ನನಗೆ ಅರ್ಧ ಪುಟ ಕೊಡುತ್ತಿದ್ದಾರೆ. ಹೆಸರು ಸಮೇತ, ಫೋಟೋ ಸಮೇತ. ಯಾವ ವಿಷಯ ಅಂತ ಈಗ ಕೇಳಬೇಡ. ಕತ್ತರಿ ಮೊಂಡಾಗಿದ್ದರೆ ಮಸೆದು ಇಟ್ಟುಕೊಳ್ಳಲು ನಿಮ್ಮಪ್ಪನಿಗೆ ಹೇಳು.

ಸೋಮಲಿಂಗ


ಇಳಕಲ್
11 ಮಾರ್ಚ್ 2025

ಸೋಮಲಿಂಗ ಸರ್,

ನಿಮ್ಮ ಅರ್ಧ ಪುಟ ಓದಿದೆ. "ಬೆಂಕಿ ಇಟ್ಟವನಲ್ಲ, ಗುಡ್ಡ ಉಳಿಸಿದವನು." ಎಷ್ಟು ಚೆಂದ ಬರೆದಿದ್ದೀರಿ! ರಸ್ತೆ ಬದಿ ಅಡುಗೆ ಮಾಡಿ ಉಂಡು ಹೋದ ಪ್ರವಾಸಿಗರ ಒಲೆಯಿಂದ ಕಿಡಿ ಹಾರಿದ್ದು, ಗಾಳಿ ಅದನ್ನು ಕುರಿಹಟ್ಟಿಯ ಕಡೆ ತಳ್ಳಿದ್ದು. ಗುರಲಿಂಗಪ್ಪಜ್ಜ ಬರುವ ಬೆಂಕಿಗಿಂತ ಮುಂದೆ ಹೋಗಿ ಒಂದು ಪಟ್ಟಿಯಷ್ಟು ಹುಲ್ಲನ್ನು ತಾನೇ ಸುಟ್ಟು, ಒದ್ದೆ ಕಂಬಳಿಯಿಂದ ಬಡಿದು ಆರಿಸಿ, ದೊಡ್ಡ ಬೆಂಕಿಗೆ ತಿನ್ನಲು ಏನೂ ಸಿಗದಂತೆ ಮಾಡಿದ್ದು. ಎದುರು ಬೆಂಕಿ ಅನ್ನುತ್ತಾರಂತೆ. ನಿಮ್ಮವರಲ್ಲಿ ಸಣ್ಣವರು ದೊಡ್ಡವರು ಎಲ್ಲರಿಗೂ ಗೊತ್ತಂತೆ. "ಆನ್‌ಲೈನ್ ಚಾನೆಲ್ ಒಂದರ ಅವಸರಕ್ಕೆ ಅಮಾಯಕನೊಬ್ಬ ಬಲಿಯಾದ" ಅಂತ ಮುಗಿಸಿದ್ದೀರಿ. ಆ ಚಾನೆಲ್ಲಿನ ಹೆಸರು ಬರೆಯುವಷ್ಟೂ ಮರ್ಯಾದೆ ಕೊಡಲಿಲ್ಲ.

ಅಪ್ಪ ಅದನ್ನು ಗಟ್ಟಿಯಾಗಿ ಓದಿದ. ಓದಿ, "ಆ ಚಾನೆಲ್ ಯಾರದವ್ವಾ?" ಅಂದ. "ನಂದ" ಅಂದೆ. ಆ ದಿನವೆಲ್ಲ ಮಗ್ಗದ ಸಪ್ಪಳ ಕೇಳಲಿಲ್ಲ.

ನನ್ನ ತಪ್ಪು ನನ್ನದೇ. ಆ ಸಂಜೆ ಅಜ್ಜ ನನ್ನ ಕಡೆ ಕೈ ಬೀಸಿ ಕರೆದಿದ್ದ. ನಾನು ಹೋಗಲಿಲ್ಲ. ಬೆಳಗ್ಗೆ ನಿಮ್ಮ ಪತ್ರಿಕೆ ಬರುವ ಮೊದಲು ನನ್ನದು ಬರಬೇಕಿತ್ತು, ಅಷ್ಟೇ ತಲೆಯಲ್ಲಿತ್ತು. ಆ ವಿಡಿಯೋ ಅಳಿಸಿದೆ, ತಪ್ಪಾಯಿತು ಅಂತ ಇನ್ನೊಂದು ಹಾಕಿದೆ. ಅದನ್ನು ಒಂಬೈನೂರು ಜನ ನೋಡಿದ್ದಾರೆ. ಹಳೆಯದನ್ನು ಯಾರ್ಯಾರೋ ಇಳಿಸಿಕೊಂಡು ತಮ್ಮ ಹೆಸರಿನಲ್ಲಿ ಹಾಕಿದ್ದಾರೆ, ಅದು ಇನ್ನೂ ಓಡುತ್ತಿದೆ.

ನಿನ್ನೆ ಹಟ್ಟಿಗೆ ಹೋಗಿ ಅಜ್ಜನ ಕಾಲಿಗೆ ಬಿದ್ದೆ. ಹಟ್ಟಿಯಲ್ಲಿ ಬರೀ ಮುಳ್ಳಿನ ಬೇಲಿ ಇತ್ತು. ಶನಿವಾರ ಮುನ್ನೂರು ಕುರಿಯನ್ನೂ ಅಮೀನಗಡದಲ್ಲಿ ಮಾರಿ ಬಂದಿದ್ದರು. ಶನಿವಾರ ಸಂತೆ, ಭಾನುವಾರ ನಿಮ್ಮ ಅರ್ಧ ಪುಟ!

ಅಷ್ಟೇ ಆಗಿದ್ದರೆ ನಾನು ನನ್ನನ್ನೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಲಗಮವ್ವ ಇನ್ನೊಂದು ಮಾತು ಅಂದಳು: "ಸೋಮಲಿಂಗ ಮರುದಿನಾನ ಬಂದಿದ್ದ. ಚಾ ಕುಡದು, ಎಲ್ಲಾ ಕೇಳಿ ಬರಕೊಂಡು ಹೋದ. ಅಂವ ನಮ್ಮ ಮಾವನ ಅಣ್ಣನ ಮಗ ಅಲ್ಲೇನವಾ."

ಮರುದಿನ! ಹತ್ತೊಂಬತ್ತನೇ ತಾರೀಖು! ನಾನು ಮೊದಲ ಕಾಗದ ಬರೆಯುವ ಮೊದಲೇ ನಿಮಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ "ಕಾರಣ ತಿಳಿದುಬಂದಿಲ್ಲ" ಅಂತ ಬರೆದಿರಿ. ಕೈಮುಗಿದು ಕೇಳಿದರೆ ಗಾರ್ಡನ್ನು ಕೇಳು ಅಂದಿರಿ. ಅರ್ಧ ಪುಟಕ್ಕಾಗಿ ಹದಿನೆಂಟು ದಿನ ಬಚ್ಚಿಟ್ಟುಕೊಂಡಿರಿ. ಅದೂ ಸ್ವಂತ ಕಾಕಾನ ವಿಷಯ. ಉರಿಯುವ ಮನೆಯ ಗಳ ಹಿರಿಯುವುದು ಅಂದರೆ ಇದೇ.

ಯಾಕೆ ಹಾಗೆ ಮಾಡಿದಿರಿ? ಇದೊಂದಕ್ಕೆ ಉತ್ತರ ಬರೆಯಿರಿ.

ಸುಶ್ಮಿತಾ


ಬಾದಾಮಿ
17 ಮಾರ್ಚ್ 2025

ತಂಗಿ,

ನಾಲ್ಕು ಸಲ ಬರೆದು ಹರಿದು ಹಾಕಿದೆ. ಒಂದರಲ್ಲಿ ಸಂಪಾದಕರ ತಪ್ಪಿತ್ತು, ಒಂದರಲ್ಲಿ ಪುರವಣಿಯವರದು, ಉಳಿದೆರಡರಲ್ಲಿ ನಿನ್ನದು. ಇದರಲ್ಲಿ ನನ್ನದು ಬರೆಯುತ್ತೇನೆ.

ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಜನವರಿಯಲ್ಲಿ ನವನಗರದಲ್ಲಿ ಪತ್ರಿಕಾಗೋಷ್ಠಿ ಇತ್ತು, ನೆನಪಿದೆಯೇ? ನಾನು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದೆ. ಅಧಿಕಾರಿ ನನ್ನ ತಲೆಯ ಮೇಲಿಂದ ಬಾಗಿಲ ಕಡೆ ನೋಡಿ, "ಸುಶ್ಮಿತಾ ಮೇಡಂ ಬರಲಿ, ಆಮೇಲೆ ಶುರು ಮಾಡೋಣ" ಅಂದರು. ನೀನು ಬಂದೆ, ಮೈಕ್ ಇಟ್ಟೆ. "ಅಣ್ಣಾರ, ಸ್ವಲ್ಪ ಸರೀರಿ, ಫ್ರೇಮಿನಾಗ ಬರಾಕತ್ತೀರಿ" ಅಂದೆ. ನಗುತ್ತಲೇ ಅಂದೆ, ನಿನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ನಾನು ಕುರ್ಚಿ ಎತ್ತಿಕೊಂಡು ಗೋಡೆ ಬದಿಗೆ ಸರಿದೆ. ಇಪ್ಪತ್ತೆರಡು ವರ್ಷ ಕುಳಿತ ಜಾಗ ಅದು.

ಅಂದಿನಿಂದ ಊಟಕ್ಕೆ ಕುಳಿತರೆ ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಮೊಬೈಲು. ನಿನ್ನ ವಿಡಿಯೋವನ್ನು ಎಷ್ಟು ಜನ ನೋಡಿದರು, ಕೆಳಗೆ ಎಷ್ಟು ಜನ ಬೈದರು. ಬೈದವರು ಹೆಚ್ಚಿದ್ದ ದಿನ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದೆ. ನನ್ನ ಹೆಂಡತಿ ದಾನಮ್ಮ ಗುರುತು ಹಿಡಿದಳು. "ಕಲಿಸಿದ ಹುಡುಗಿ ಮ್ಯಾಲ ಯಾಕ ಇಷ್ಟ ಉರಕೋತೀರಿ?" ಅಂದಳು. ಅವಳ ಜೊತೆ ಎರಡು ದಿನ ಮಾತು ಬಿಟ್ಟೆ.

ಹತ್ತೊಂಬತ್ತಕ್ಕೆ ಹಟ್ಟಿಗೆ ಹೋದಾಗ ಕಾಕಾನಿಗೆ ನಿನ್ನ ಮೇಲೆ ಸಿಟ್ಟೇ ಇರಲಿಲ್ಲ. "ಪ್ಯಾಟಿ ಹುಡುಗಿ, ತಿಳೀದ ಮಾಡ್ಯಾಳ. ನೀ ಕಲಿಸಿದಾಕಿ ಅಲ್ಲೇನು, ಒಂದ ಮಾತ ಹೇಳಿಬಿಡಪಾ" ಅಂದ. "ಹೇಳ್ತೇನಿ ಕಾಕಾ" ಅಂದೆ. ಬೈಕ್ ಹತ್ತಿ ಬರುವಾಗ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಈಗ ಹೇಳಿದರೆ ಇವಳು ಇನ್ನೊಂದು ವಿಡಿಯೋ ಮಾಡುತ್ತಾಳೆ, ಅದಕ್ಕೂ ನಾಲ್ಕು ಲಕ್ಷ, ತಪ್ಪು ಒಪ್ಪಿಕೊಂಡ ದೊಡ್ಡಸ್ತಿಕೆಯೂ ಇವಳಿಗೇ. ಇನ್ನಷ್ಟು ಮೇಲೇರಲಿ, ಆಮೇಲೆ ಕೆಡವೋಣ ಅಂದುಕೊಂಡೆ. ನಿನ್ನ ಕಾಗದದಲ್ಲಿ ಸಂತೆಯ ಮಾತು ಓದಿದ ಮೇಲೂ ಬಾಯಿ ಬಿಡಲಿಲ್ಲ. ಎಂಟಕ್ಕೆ ಶನಿವಾರದ ಸಂತೆ, ಒಂಬತ್ತಕ್ಕೆ ಭಾನುವಾರದ ಪುರವಣಿ ಅಂತ ಗೊತ್ತಿತ್ತು. ಕಾಕಾ ಅಷ್ಟು ಲಗೂನ ಮಾರಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಪತ್ರಿಕೆ ಹಿಡಿದುಕೊಂಡು ಓಡಿದೆ. ಲಗಮವ್ವ ಪೂರ್ತಿ ಓದಿ ಹೇಳಿದಳು. ಕಾಕಾ ತನ್ನ ಫೋಟೋ ನೋಡಿ, "ಚೊಲೊ ಬರದೀಪಾ. ಮೊನ್ನಿ ಬಂದಿದ್ರ ರಾಮಥಾಳದಾಗ ತೋರಸ್ತಿದ್ದೆ" ಅಂದ. ಬೈಯಲಿಲ್ಲ. ಬೈದಿದ್ದರೆ ಮನೆಗೆ ಬಂದು ಉಣ್ಣುತ್ತಿದ್ದೆ.

ಕ್ಷಮಿಸು ಅನ್ನಲು ನನಗೆ ಬಾಯಿಲ್ಲ. ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಫೋನ್ ಹಚ್ಚಲೇಬೇಕೆಂದಿಲ್ಲ.

ಸೋಮಲಿಂಗ


ಬಾದಾಮಿ
3 ಏಪ್ರಿಲ್ 2025, ಬೆಳಗ್ಗೆ

ತಂಗಿ,

ನೀನು ಉತ್ತರ ಬರೆಯಲಿಲ್ಲ. ಈಗ ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀ, ಅದು ನ್ಯಾಯವೇ. ಆದರೂ ಇದನ್ನು ಮೊದಲ ಬಸ್ಸಿಗೆ ಕೊಡುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಗೂಗಿಬಂಡಿಗೆ ಮತ್ತೆ ಬೆಂಕಿ ಬಿತ್ತು. ಈ ಸಲ ಗಾಳಿ ಕೆಳಗಿನ ಊರ ಕಡೆ ಇತ್ತು. ಅಲ್ಲಿ ಸಾಲಾಗಿ ಬಣವೆಗಳು, ದನ ಕಟ್ಟಿದ ಕೊಟ್ಟಿಗೆಗಳು. ಅದೇ ಗಾರ್ಡ್ ಹೋಗಿ ಕಾಕಾನ ಮುಂದೆ ಕೈಮುಗಿದು, "ಅಜ್ಜಾ, ಎದುರು ಬೆಂಕಿ ಹಚ್ಚಿ ಕೊಡು" ಅಂದ. ಕಾಕಾ ಬಂದ. ಸುದ್ದಿಗೆಂದು ನಾನೂ ಅಲ್ಲಿಗೆ ಹೋಗಿದ್ದೆ. ಗುಡ್ಡದ ಬುಡದಲ್ಲಿ ಮೂವತ್ತು ನಲವತ್ತು ಮಂದಿ ಮೊಬೈಲ್ ಎತ್ತಿಕೊಂಡು ನಿಂತಿದ್ದರು. ಅವರನ್ನೆಲ್ಲ ಒಂದು ಸುತ್ತು ನೋಡಿ, "ಮೊದಲ ಅವನ್ನ ಕಿಸೇದಾಗ ಇಡ್ರಿ" ಅಂದ. ಒಬ್ಬರೂ ಇಡಲಿಲ್ಲ. ಆಗ ಕಡ್ಡಿಪೆಟ್ಟಿಗೆಯನ್ನು ನನ್ನ ಕೈಯಲ್ಲಿಟ್ಟ.

"ನೀ ಹಚ್ಚು. ನೀನೂ ಕುರುಬನ ಮಗನ ಅಲ್ಲೇನು? ಗಾಳಿ ನಾ ನೋಡ್ತೇನಿ."

ಹಚ್ಚಿದೆ. "ಎಡಕ್ಕ, ಇನ್ನೊಂದೀಟ ಎಡಕ್ಕ" ಅನ್ನುತ್ತ ಅವನು, ಹುಲ್ಲಿಗೆ ತಾಗಿಸುತ್ತ ನಾನು, ಹಿಂದೆ ಒದ್ದೆ ಕಂಬಳಿಯಿಂದ ಬಡಿಯುತ್ತ ಲಗಮವ್ವ. ನನ್ನ ಹುಬ್ಬು ಸುಟ್ಟಿವೆ. ದೊಡ್ಡ ಬೆಂಕಿ ನಾವು ಸುಟ್ಟ ಪಟ್ಟಿಯವರೆಗೆ ಬಂದು ನಿಂತಿತು. ಊರಿನ ಒಂದು ಬಣವೆಯೂ ಹೋಗಲಿಲ್ಲ.

ಸಂಜೆ ಐದಕ್ಕೆಲ್ಲ ಎಲ್ಲರ ಮೊಬೈಲಿನಲ್ಲಿ ನನ್ನ ಮುಖ. "ಗುಡ್ಡಕ್ಕೆ ಬೆಂಕಿ ಇಟ್ಟ ಪತ್ರಕರ್ತ! ಸುದ್ದಿಗಾಗಿ ಎಂಥ ಕೆಲಸ!" ಅರ್ಧ ಪುಟ ಬಂದ ಮೇಲೆ ನನಗೆ ರುಚಿ ಹತ್ತಿದೆಯಂತೆ. ಸಂಪಾದಕರು ಫೋನ್ ಮಾಡಿದರು. ಇವತ್ತು ಸಂಜೆ ಆರಕ್ಕೆ ಸಭೆ. ಅಷ್ಟರೊಳಗೆ ಇದು ಸುಳ್ಳು ಅಂತ ಯಾರಾದರೂ ಸಾಕ್ಷಿ ಸಮೇತ ನಾಲ್ಕು ಜನರ ಮುಂದೆ ಹೇಳದಿದ್ದರೆ ನನ್ನನ್ನು ತೆಗೆಯುತ್ತಾರೆ. ನನ್ನ ಮಾತು ಸಾಕ್ಷಿಯಲ್ಲ. ಕಾಕಾ, ಲಗಮವ್ವ ಮನೆಯವರು. ಗಾರ್ಡ್ ಮೇಲಿನವರಿಗೆ ಹೆದರಿ ಬಾಯಿ ಬಿಡುತ್ತಿಲ್ಲ. ಚಹಾ ಅಂಗಡಿಯ ಮತೀನ ಮೊದಲಿನಿಂದ ಕೊನೆವರೆಗೆ ಮೊಬೈಲಿನಲ್ಲಿ ತೆಗೆದಿದ್ದಾನೆ. ಅವನ ನಂಬರು ಈ ಕಾಗದದ ಹಿಂಬದಿಗೆ ಬರೆದಿದ್ದೇನೆ. ನಾನು ಹಾಕಿದರೆ ಯಾರು ನಂಬುತ್ತಾರೆ? ನೀನು ಹಾಕಿದರೆ ನವನಗರದವರೂ ನೋಡುತ್ತಾರೆ.

ಈ ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಅಂತ ನಿನಗೆ ಗೊತ್ತು. ಹಾಕು ಅಂತ ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಸೋಮಲಿಂಗ


ಇಳಕಲ್
4 ಏಪ್ರಿಲ್ 2025

ಅಣ್ಣಾರಿಗೆ,

ನಿಮ್ಮ ಕಾಗದ ನಿನ್ನೆ ಹನ್ನೆರಡಕ್ಕೇ ಮುಟ್ಟಿತು. ಮತೀನ ಪೂರ್ತಿ ವಿಡಿಯೋ ಕಳಿಸಿದ. ಲಗಮವ್ವನಿಗೆ ಫೋನ್ ಹಚ್ಚಿ ಗುರಲಿಂಗಪ್ಪಜ್ಜನಿಗೆ ಕೊಡಿಸಿ, ಈ ಸಲ ಮೊದಲೇ ಕೇಳಿದೆ: "ಯಾಕ ಹಚ್ಚಿಸಿದ್ರಿ ಅಜ್ಜಾ?" "ಊರು ಉಳೀಬೇಕಾಗಿತ್ತವ್ವಾ" ಅಂದ. ಮೂರೂವರೆಗೆ ಎಲ್ಲ ಜೋಡಿಸಿ ಮುಗಿಸಿದೆ. ಸಂಗೀತವಿಲ್ಲ, ಕೆಂಪು ಬಾಣವಿಲ್ಲ. ಒಂದು ಗುಂಡಿ ಒತ್ತುವುದು ಬಾಕಿ ಇತ್ತು.

ಅಷ್ಟರಲ್ಲಿ ಅಪ್ಪ ಮೆಟ್ಟಿಲು ಹತ್ತಿ ಬಂದ. ಈ ಕೋಣೆಗೆ ಅವನು ಬಂದದ್ದೇ ಮೊದಲ ಸಲ. ಪೂರ್ತಿ ನೋಡಿದ. ನಿಮ್ಮ ಸುಟ್ಟ ಹುಬ್ಬು ನೋಡಿ, "ಎಂಥಾ ಮನಷ್ಯಾ!" ಅಂತ ಕಣ್ಣು ಒರೆಸಿಕೊಂಡ. ನನಗೆ ಒಂದು ಮಾತೂ ಅನ್ನದೆ ಇಳಿದು ಹೋದ. ಕೋಣೆ ನನ್ನದು, ವಿಡಿಯೋ ನನ್ನದು, ಅಪ್ಪ ನನ್ನವನು, ಹೊಗಳಿದ್ದು ನಿಮ್ಮನ್ನು. ಆ ಅಜ್ಜನೂ ಕಡ್ಡಿಪೆಟ್ಟಿಗೆ ಕೊಟ್ಟದ್ದು ನಿಮ್ಮ ಕೈಗೇ. ಹದಿನೆಂಟು ದಿನ ಬಾಯಿ ಮುಚ್ಚಿಕೊಂಡು ಕುಳಿತವರ ಕೈಗೆ! ತಪ್ಪಾಯಿತು ಅಂತ ಕಾಲಿಗೆ ಬಿದ್ದವಳು ನಾನು, ನನ್ನನ್ನು ಯಾರೂ ಕರೆಯಲಿಲ್ಲ. ಈ ಗುಂಡಿ ಒತ್ತಿದರೆ ನಾಳೆ ಊರೆಲ್ಲ ನಿಮ್ಮನ್ನು ಹೊತ್ತು ಮೆರೆಸುತ್ತದೆ, ಅದೂ ನನ್ನ ಬೆರಳಿನಿಂದ.

ಸಭೆ ಆರಕ್ಕೆ, ಇನ್ನೂ ಹೊತ್ತಿದೆ ಅಂದುಕೊಂಡೆ. ಚಹಾ ಮಾಡಿದೆ. ಶೀರ್ಷಿಕೆಯಲ್ಲಿ ನಿಮ್ಮ ಹೆಸರು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಸ್ವಲ್ಪ ಹೊತ್ತು ನೀವೂ ಬೇಯಿರಿ ಅಂದುಕೊಂಡು ಕಿಟಕಿಯಲ್ಲಿ ನಿಂತೆ. ಆರಕ್ಕೆ ಹತ್ತು ನಿಮಿಷ ಇರುವಾಗ ಒತ್ತಿದೆ.

ಸಭೆಯನ್ನು ಐದಕ್ಕೇ ಮುಗಿಸಿದ್ದರಂತೆ. ಹೊತ್ತು ಬದಲಾದದ್ದನ್ನು ನಿಮಗೂ ತಿಳಿಸಿರಲಿಲ್ಲ ಅಂತ ಕೇಳಿದೆ. ಇವತ್ತಿನ ಪತ್ರಿಕೆಯ ಐದನೇ ಪುಟದಲ್ಲಿ ಬಂದಿದೆ, ನೀವೂ ನೋಡಿರುತ್ತೀರಿ: "ಬಾದಾಮಿಯ ಸೋಮಲಿಂಗ ಅವರಿಗೂ ನಮ್ಮ ಪತ್ರಿಕೆಗೂ ಇನ್ನು ಮುಂದೆ ಯಾವುದೇ ಸಂಬಂಧವಿರುವುದಿಲ್ಲ." ನವನಗರಕ್ಕೆ ಫೋನ್ ಮಾಡಿ ಜಗಳ ತೆಗೆದೆ. "ವಿಡಿಯೋ ಚಲೋ ಐತಿ ಮೇಡಂ, ಒಂದ್ ತಾಸು ಮೊದಲ ಬಂದಿದ್ರ ನೋಡಬಹುದಿತ್ತು" ಅಂದರು. ಅಚ್ಚಾದದ್ದನ್ನು ಹಿಂದಕ್ಕೆ ತೆಗೆಯುವುದಿಲ್ಲವಂತೆ.

ವಿಡಿಯೋ ಬೆಳಗಿನಿಂದ ಎರಡು ಲಕ್ಷ ದಾಟಿದೆ. ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ಕಷ್ಟಕಾಲದಲ್ಲಿ ಗುರುವಿನ ಬೆನ್ನಿಗೆ ನಿಂತಳು ಅಂತ ಬರೆಯುತ್ತಿದ್ದಾರೆ.

ಮೂರೂವರೆಗೇ ಒತ್ತಬಹುದಿತ್ತು, ಅಣ್ಣಾರ. ಯಾಕೆ ಒತ್ತಲಿಲ್ಲ ಅಂತ ನಿಮಗೊಬ್ಬರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸುಶ್ಮಿತಾ